ದಾರಕ್ಕೆ ಕಟ್ಟಿದ ಗುಂಡು ಮತ್ತು ನೆಲ ನಡುಗಿದ ಕಥೆ

ಆನಗೋಡಿನಲ್ಲಿ ಮನೆ ಕಟ್ಟುವ ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಡುತ್ತಾರೆ. ಗುಂಡು ಸುಳ್ಳು ಹೇಳುವುದಿಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಆದರೆ ಅದೂ ಕೂದಲೆಳೆಯಷ್ಟು ಸುಳ್ಳು ಹೇಳುತ್ತದೆ. ಭೂಕಂಪ ಹುಟ್ಟುವ ಜಾಗ ಹುಡುಕುವ ಇಂದಿನ ಒಂದು ದಾರಿ ಆ ಸಣ್ಣ ಸುಳ್ಳಿನಿಂದಲೇ ಶುರುವಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯಲ್ಲಿ ಅಳತೆ ಆರಂಭಿಸಿದ. ಮುಂದೆ ಆ ಅಳತೆ ಕನ್ಯಾಕುಮಾರಿ ಕಡೆಯಿಂದ ಹಿಮಾಲಯದ ಬುಡದವರೆಗೂ ಹೋಯಿತು. ಉತ್ತರದಲ್ಲಿ ಕಲ್ಯಾಣ ಮತ್ತು ಕಲ್ಯಾಣಪುರ ಎಂಬ ಎರಡು ಠಾಣೆಗಳ ನಡುವೆ ಲೆಕ್ಕ ತಪ್ಪಿತು. ನೆಲದ ಮೇಲೆ ಅಳೆದದ್ದಕ್ಕೂ ನಕ್ಷತ್ರ ನೋಡಿ ಲೆಕ್ಕ ಹಾಕಿದ್ದಕ್ಕೂ ಸುಮಾರು 160 ಮೀಟರ್ ವ್ಯತ್ಯಾಸ. ಹಿಮಾಲಯ ತನ್ನ ಕಡೆಗೆ ಗುಂಡನ್ನು ಎಳೆದಿತ್ತು.

ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಕೂತು ಲೆಕ್ಕ ಹಾಕಿದ. ಅಷ್ಟು ದೊಡ್ಡ ಬೆಟ್ಟ ಇದರ ಮೂರು ಪಟ್ಟು ಎಳೆಯಬೇಕಿತ್ತು! ಹಾಗಾದರೆ ಬೆಟ್ಟದ ಅಡಿಯಲ್ಲಿ ಹಗುರವಾದ ಕಲ್ಲಿರಬೇಕು ಎಂಬ ವಿಚಾರ 1855ರ ಹೊತ್ತಿಗೆ ಹುಟ್ಟಿತು. ನೆಲ ಅಗೆಯದೆಯೇ ನೆಲದೊಳಗೆ ಇಣುಕುವ ವಿದ್ಯೆ ಸಿಕ್ಕಿತು.

1865ರಿಂದ ಬಸೇವಿ ಎಂಬ ಅಧಿಕಾರಿ ಲೋಲಕ ಹೊತ್ತುಕೊಂಡು ದೇಶ ಸುತ್ತಿದ. ಸೆಳೆತ ಕಡಿಮೆ ಇದ್ದಲ್ಲಿ ಲೋಲಕ ನಿಧಾನವಾಗಿ ತೂಗುತ್ತದೆ. 1871ರಲ್ಲಿ ಲಡಾಖಿನ ಎತ್ತರದ ಬಯಲಿನಲ್ಲಿ ಇದೇ ಕೆಲಸ ಮಾಡುತ್ತಾ ಆತ ಸತ್ತ.

ಈ ವ್ಯತ್ಯಾಸ ಎಷ್ಟು ಸಣ್ಣದು? 50 ಕಿಲೋ ಮೆಕ್ಕೆಜೋಳದ ಚೀಲವನ್ನು ಹತ್ತಡಿ ಎತ್ತರದ ಮಾಳಿಗೆಗೆ ಏರಿಸಿದರೆ ಭೂಮಿಯ ಸೆಳೆತ ಹತ್ತು ಲಕ್ಷದಲ್ಲಿ ಒಂದು ಪಾಲು ತಗ್ಗುತ್ತದೆ. ಅಂದರೆ ಚೀಲದ ತೂಕದಲ್ಲಿ ಒಂದು ಕಾಳಿನಷ್ಟೂ ಕಡಿಮೆಯಾಗುವುದಿಲ್ಲ. ಇಂದಿನ ಯಂತ್ರಗಳು ಅದಕ್ಕಿಂತಲೂ ಎಷ್ಟೋ ಸಣ್ಣದನ್ನು ಹಿಡಿಯುತ್ತವೆ. 1961ರಲ್ಲಿ ಹೈದರಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇಂಥ ಅಳತೆಗಳಿಂದ ದೇಶದ ನಕ್ಷೆ ಮಾಡಿತು. ನಮ್ಮ ಪಕ್ಕದ ಚಿತ್ರದುರ್ಗದ ಹಳೆಯ ಭಾರದ ಶಿಲೆಗಳ ಮೇಲೆ ಸೆಳೆತ ಹೆಚ್ಚು, ಹಗುರವಾದ ಗ್ರಾನೈಟ್ ಮೇಲೆ ಕಡಿಮೆ. ಎರಡು ಬಗೆಯ ಶಿಲೆ ಸೇರುವಲ್ಲಿ, ಹಳೆಯ ಬಿರುಕು ಇರುವಲ್ಲಿ ಅಳತೆ ಥಟ್ಟನೆ ಬದಲಾಗುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಇದರ ಮಹತ್ವ ತಿಳಿಯಿತು. ಗಣಪತಿ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಲಿನ ಮನೆಗಳು ಕುಸಿದವು. ಸುಮಾರು 10 ಸಾವಿರ ಜನ ಸತ್ತರು. ನಮ್ಮ ಬೀದರ್, ಕಲಬುರಗಿಯೂ ನಡುಗಿದವು. ನಕ್ಷೆಯಲ್ಲಿ ಅದು ಅತ್ಯಂತ ಸುರಕ್ಷಿತ ವಲಯವಾಗಿತ್ತು. ಮೇಲೆ ದಪ್ಪನೆಯ ಕಪ್ಪು ಕಲ್ಲಿನ ಹಾಸು ಇದ್ದುದರಿಂದ ಅಡಿಯ ಬಿರುಕು ಕಣ್ಣಿಗೆ ಬೀಳುವಂತಿರಲಿಲ್ಲ. ಅದರ ಕೆಳಗೆ ಏನಿದೆ ಎಂದು ತಿಳಿಯಲು ವಿಜ್ಞಾನಿಗಳು ಬಳಸಿದ ದಾರಿಗಳಲ್ಲಿ ಸೆಳೆತದ ಅಳತೆಯೂ ಒಂದು.

ಭೂಕಂಪದಲ್ಲಿ ಬಂಡೆಗಳು ಜರುಗಿದಾಗ ಸೆಳೆತವೂ ಬದಲಾಗುತ್ತದೆ. 2002ರಲ್ಲಿ ಹಾರಿಸಿದ ಗ್ರೇಸ್ ಜೋಡಿ ಉಪಗ್ರಹಗಳು 2004ರ ಸುಮಾತ್ರಾ ಭೂಕಂಪ ಮಾಡಿದ ಬದಲಾವಣೆಯನ್ನು ಆಕಾಶದಿಂದಲೇ ಹಿಡಿದವು. 2011ರ ಜಪಾನ್ ಭೂಕಂಪದಲ್ಲಂತೂ ನಡುಕದ ಅಲೆ ತಲುಪುವ ಮೊದಲೇ ಸೆಳೆತದ ಸಣ್ಣ ಬದಲಾವಣೆ ಯಂತ್ರಗಳಲ್ಲಿ ದಾಖಲಾಗಿತ್ತು. ಅದು ವಿಜ್ಞಾನಿಗಳ ಗಮನಕ್ಕೆ ಬಂದದ್ದು ವರ್ಷಗಳ ನಂತರ. ನಡುಕದ ಅಲೆ ಸೆಕೆಂಡಿಗೆ ಕೆಲವೇ ಕಿಲೋಮೀಟರ್ ಓಡುತ್ತದೆ. ಸೆಳೆತದ ಬದಲಾವಣೆ ಬೆಳಕಿನ ವೇಗದಲ್ಲಿ ಹೋಗುತ್ತದೆ. ಆದರೆ ಇದು ಕಾಣುವುದು ಭಾರೀ ಭೂಕಂಪಗಳಲ್ಲಿ ಮಾತ್ರ, ಅದೂ ನೆಲ ಬಿರಿಯಲು ಶುರುವಾದ ಮೇಲೆ.

ಆದ್ದರಿಂದ "ನಾಳೆ ಇಷ್ಟು ಗಂಟೆಗೆ ಭೂಕಂಪ" ಎಂಬ ಮೆಸೇಜು ಬಂದರೆ ಮುಂದಕ್ಕೆ ಕಳಿಸಬೇಡಿ. ದಿನ, ಗಂಟೆ ಹೇಳುವ ವಿದ್ಯೆ ಯಾರ ಹತ್ತಿರವೂ ಇಲ್ಲ.

ಅದೇ ಗ್ರೇಸ್ ಉಪಗ್ರಹಗಳು ಇನ್ನೊಂದು ಸಂಗತಿ ಹೇಳಿದವು. ಪಂಜಾಬ್, ಹರಿಯಾಣ, ರಾಜಸ್ಥಾನ ಕಡೆ ಅಂತರ್ಜಲ ಬರಿದಾಗಿ ಅಲ್ಲಿನ ಸೆಳೆತವೇ ತಗ್ಗಿತ್ತು. ಬೋರ್‌ವೆಲ್ ನಂಬಿದ ನಮ್ಮ ಸೀಮೆಗೂ ಇದು ಎಚ್ಚರಿಕೆಯ ಮಾತು.

2002ರ ನಕ್ಷೆಯಲ್ಲಿ ದಾವಣಗೆರೆ ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿತ್ತು. ಕಿಲ್ಲಾರಿಯೂ ಒಂದು ಕಾಲಕ್ಕೆ ಸುರಕ್ಷಿತವೇ ಆಗಿತ್ತು. ಅಲ್ಲಿ ಹೆಚ್ಚು ಜನರನ್ನು ಕೊಂದದ್ದು ಮಣ್ಣು ಮೆತ್ತಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಾಳಿಗೆ. ಅಂಥ ಮನೆಗಳು ನಮ್ಮ ಊರುಗಳಲ್ಲೂ ಇವೆ. ಹಳೆ ಮನೆಯ ಗೋಡೆ ಬಿರುಕು ಬಿಟ್ಟಿದ್ದರೆ ಈ ಮಳೆಗಾಲಕ್ಕೆ ಮುಂಚೆ ಗಾರೆಯವರನ್ನು ಕರೆದು ತೋರಿಸಿ. ಅವರ ಗುಂಡು ಅಷ್ಟು ನಿಜವನ್ನಂತೂ ಹೇಳುತ್ತದೆ.