ಪದವಿ ಪ್ರವೇಶ: ಹಾವೇರಿ ಸೀಮೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಪಿಯುಸಿ ಮುಗಿಸಿದವರನ್ನು ಪದವಿಗೆ ಆರಿಸುವಾಗ ಮೊದಲು ನೋಡುವುದು ಅಂಕವನ್ನೇ. ಸರ್ಕಾರಿ ಕಾಲೇಜಿನ ಬಿ.ಎ., ಬಿ.ಕಾಂ.ಗೆ ಪಿಯುಸಿ ಅಂಕ ಮತ್ತು ಮೀಸಲಾತಿ ಸಾಕು. ಎಂಜಿನಿಯರಿಂಗ್‌ಗೆ ಸಿಇಟಿ ಮತ್ತು ಪಿಯುಸಿ ಅಂಕಗಳು ಸಮಪಾಲು. ಆದರೆ ಅಂಕವೊಂದೇ ಯೋಗ್ಯತೆಯಲ್ಲ ಎಂಬುದನ್ನು ಈ ವ್ಯವಸ್ಥೆಯೇ ಒಪ್ಪಿದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ಕಾಲೇಜು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಇಂಥಲ್ಲಿ ಕೃಷಿಕರ ಕೋಟಾದ ಸೀಟು ಬಯಸುವವರು ಪ್ರಾಯೋಗಿಕ ಪರೀಕ್ಷೆಗೂ ಹೋಗಬೇಕು. ಮುಂದಿಟ್ಟ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕು. ಅಪ್ಪನ ಹಿಂದೆ ಕೂರಿಗೆ ಹಿಡಿದು ನಡೆದವರ ತಿಳಿವಳಿಕೆ, ಪುಸ್ತಕದಲ್ಲಿ ಸಿಗದ್ದು, ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಸಿಇಟಿ ಸೀಟುಗಳಲ್ಲಿ ಗ್ರಾಮೀಣರಿಗಿರುವ ಶೇ. 15, ಕನ್ನಡ ಮಾಧ್ಯಮದವರಿಗಿರುವ ಶೇ. 5 ಮೀಸಲಾತಿಯಿಂದ ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪವಿದೆ. ಅದು ನಿಲ್ಲದು: ಅರ್ಹತಾ ಅಂಕದಿಂದ ಅವರಿಗೆ ವಿನಾಯಿತಿಯಿಲ್ಲ, ಮತ್ತು ಕೋಚಿಂಗ್ ಇರುವ ಊರಿನ ಅಂಕವನ್ನೂ ಬಸ್ಸಿಗೆ ಕಾಯುತ್ತ ಓದಿದವರ ಅಂಕವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಿಜವಾದ ತೊಡಕು ಕಾಗದದ್ದು. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಅದಕ್ಕೆ ಬಿಇಒ ಮೇಲುರುಜು ಬೇಕು. ಅದಿಲ್ಲದಿದ್ದರೆ ಹಕ್ಕಿದ್ದೂ ಸೀಟು ಕೈತಪ್ಪುತ್ತದೆ.