ಒಂದೇ ಗಣಕದಲ್ಲಿ ಸಿದ್ಧ ಪ್ಯಾಕೇಜು, ಸ್ವಂತ ಕಂಪೈಲು: ಬೆರೆಸುವುದು ಹೇಗೆ?

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಅಂಗಡಿಯಲ್ಲಿ ಸಿದ್ಧವಾಗಿ ಕೊಳ್ಳಬಹುದು. ಬಣ್ಣ, ಅಂಚು ಹೇಳಿ ಮಗ್ಗದಲ್ಲಿ ನೇಯಿಸಿಕೊಳ್ಳಲೂಬಹುದು. ಲಿನಕ್ಸ್ ಗಣಕಯಂತ್ರದ ತಂತ್ರಾಂಶಕ್ಕೂ ಇಂಥದೇ ಎರಡು ದಾರಿಗಳಿವೆ. ಉಬುಂಟು, ಡೆಬಿಯನ್ ಮುಂತಾದವು ಮೊದಲೇ ಕಂಪೈಲ್ ಮಾಡಿ ಒದಗಿಸುವ ಪ್ಯಾಕೇಜನ್ನು ಅಳವಡಿಸುವುದು ಒಂದು. ಮೂಲ ಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು ತಂದು ಸ್ವತಃ ಕಂಪೈಲ್ ಮಾಡಿಕೊಳ್ಳುವುದು ಇನ್ನೊಂದು. ಒಂದೇ ಯಂತ್ರದಲ್ಲಿ ಇವೆರಡನ್ನೂ ಬೆರೆಸಬಹುದು. ಆದರೆ ಎಚ್ಚರ ಅಗತ್ಯ.

ತೊಡಕು ಎಲ್ಲಿ?

ಚಳ್ಳಕೆರೆಯ ವಿದ್ಯಾರ್ಥಿಯೊಬ್ಬನಿಗೆ ಕಾಲೇಜಿನ ಪ್ರಾಜೆಕ್ಟಿಗಾಗಿ ಪೈಥಾನ್‌ನ ಹೊಸ ಆವೃತ್ತಿ ಬೇಕಾಗಿದೆ ಎಂದುಕೊಳ್ಳೋಣ. ಉಬುಂಟುವಿನ ಹಲವು ಆಂತರಿಕ ಸಾಧನಗಳು ಅದರ ಜೊತೆಗೇ ಬಂದ ಪೈಥಾನನ್ನು ಅವಲಂಬಿಸಿವೆ. ಅದನ್ನು ಅಳಿಸಿ ಹೊಸದನ್ನು ಅದೇ ಜಾಗದಲ್ಲಿ ಕೂರಿಸಿದರೆ ಆ ಸಾಧನಗಳು ಕೆಲಸ ನಿಲ್ಲಿಸಬಹುದು. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಇಡೀ ವ್ಯವಸ್ಥೆಯನ್ನೇ ಮರುಸ್ಥಾಪಿಸಬೇಕಾದೀತು.

ಯಾವ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು, ಯಾವುದಕ್ಕೆ ಯಾವುದು ಆಧಾರ ಎಂಬ ಲೆಕ್ಕವನ್ನು ಪ್ಯಾಕೇಜ್ ಮ್ಯಾನೇಜರ್ ಇಟ್ಟಿರುತ್ತದೆ. ಸ್ವತಃ ಕಂಪೈಲ್ ಮಾಡಿದ ತಂತ್ರಾಂಶ ಈ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಅದರ ಸುರಕ್ಷತೆಯ ಹೊಣೆಯೂ ಬಳಕೆದಾರನದೇ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ಲೋಪ ಬಯಲಾದಾಗ ಪ್ಯಾಕೇಜ್ ಬಳಸುತ್ತಿದ್ದವರಿಗೆ ಮಾಮೂಲಿ ಅಪ್‌ಡೇಟ್‌ನಲ್ಲೇ ಪರಿಹಾರ ದೊರೆಯಿತು. ಲೋಪವಿದ್ದ ಆವೃತ್ತಿಯನ್ನು ಸ್ವತಃ ಕಂಪೈಲ್ ಮಾಡಿಕೊಂಡಿದ್ದವರು ಆ ಕೆಲಸವನ್ನು ಮತ್ತೆ ತಾವೇ ಮಾಡಬೇಕಾಯಿತು.

ಪಾಲಿಸಬೇಕಾದ ಕ್ರಮಗಳು

* ಸ್ವಂತ ಕಂಪೈಲಿನ ತಂತ್ರಾಂಶ ‘ಯುಎಸ್‌ಆರ್/ಲೋಕಲ್’ ಕಡತಕೋಶದಲ್ಲಿರಲಿ. ಲಿನಕ್ಸ್ ಸಂಪ್ರದಾಯದಂತೆ ಅದು ಇದಕ್ಕೆಂದೇ ಮೀಸಲು.

* ಪೈಥಾನ್ ಆದರೆ ‘ಮೇಕ್ ಇನ್‌ಸ್ಟಾಲ್’ ಬದಲು ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಆದೇಶ ಬಳಸಿ. ಹೊಸ ಆವೃತ್ತಿ ತನ್ನ ಸಂಖ್ಯೆಯ ಹೆಸರಿನಲ್ಲಿ ಹಳೆಯದರ ಪಕ್ಕದಲ್ಲೇ ಇರುತ್ತದೆ.

* ‘ಚೆಕ್‌ಇನ್‌ಸ್ಟಾಲ್’ನಂತಹ ಸಾಧನ ಬಳಸಿದರೆ ಸ್ವಂತ ತಂತ್ರಾಂಶವೂ ಪ್ಯಾಕೇಜಿನ ರೂಪ ಪಡೆಯುತ್ತದೆ. ಬೇಡವಾದಾಗ ತೆಗೆಯುವುದು ಸುಲಭ.

* ಇಡೀ ವ್ಯವಸ್ಥೆಗೆ ತಳಹದಿಯಾದ ‘ಜಿಲಿಬ್‌ಸಿ’ಯಂತಹ ಲೈಬ್ರರಿಗಳನ್ನು ಬದಲಿಸಲು ಹೋಗಬೇಡಿ.

* ಯಾವ ಆವೃತ್ತಿ, ಯಾವ ದಿನ, ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡಿದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ.

ಎರಡೂ ದಾರಿಗಳನ್ನು ಒಂದೇ ಲೆಕ್ಕದಡಿ ತಂದಿರುವ ವ್ಯವಸ್ಥೆಗಳೂ ಇವೆ. ಮೂಲ ಸಂಕೇತದಿಂದಲೇ ಎಲ್ಲವನ್ನೂ ಕಟ್ಟಿಕೊಳ್ಳುವುದಕ್ಕೆ ಹೆಸರಾದ ಜೆಂಟೂ, 2023ರ ಡಿಸೆಂಬರ್‌ನಲ್ಲಿ ಸಿದ್ಧ ಪ್ಯಾಕೇಜುಗಳನ್ನು ವ್ಯಾಪಕವಾಗಿ ಒದಗಿಸತೊಡಗಿತು. ಹಳೆಯ, ನಿಧಾನಗತಿಯ ಗಣಕಗಳಲ್ಲಿ ಗಂಟೆಗಟ್ಟಲೆ ಕಂಪೈಲ್ ಮಾಡುವ ಕಷ್ಟ ಇದರಿಂದ ತಪ್ಪುತ್ತದೆ.

ಒಟ್ಟಿನಲ್ಲಿ, ಪ್ಯಾಕೇಜ್ ದೊರೆಯುವಲ್ಲೆಲ್ಲ ಅದನ್ನೇ ಆರಿಸಿಕೊಳ್ಳುವುದು ಲೇಸು. ನಿಜಕ್ಕೂ ಬೇರೆ ಆವೃತ್ತಿ ಬೇಕಾದ ಒಂದೆರಡು ತಂತ್ರಾಂಶಗಳನ್ನು ಮಾತ್ರ ಸ್ವತಃ ಕಂಪೈಲ್ ಮಾಡಿಕೊಂಡರೆ ಸಾಕು.