ಗಡಿನಾಡಿನ ಜಾನಪದ ಮತ್ತು ಬಾನುಲಿ: ಸರ್ಕಾರಿ ಅನುದಾನದ ಪ್ರಶ್ನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳು ಕನ್ನಡ-ಮರಾಠಿಗಳೆರಡೂ ಬೆರೆತ ಗಡಿಸೀಮೆ. ಬ್ರಿಟಿಷರ ಆಳ್ವಿಕೆಯಲ್ಲಿ ಚಿಕ್ಕೋಡಿ, ಅಥಣಿಗಳು ಬೆಳಗಾವಿ ಜಿಲ್ಲೆಗೂ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೂ ಸೇರಿದ್ದವು. ಆಡಳಿತ ಹೀಗೆ ಹರಿದು ಹಂಚಿದ್ದರೂ ಪಾರಿಜಾತ, ಗೀಗೀ, ಚೌಡಿಕೆ ಹಾಗೂ ಭಜನೆಯ ಪದಗಳು ಗಡಿಗೆರೆಯನ್ನು ಲೆಕ್ಕಿಸದೆ ಹರಿದಾಡಿದವು. ಈ ಮೌಖಿಕ ಪರಂಪರೆಗೆ ದೂರದ ಕೇಳುಗರನ್ನು ಒದಗಿಸಿದ ಮಾಧ್ಯಮ ಬಾನುಲಿ.

ಬಾನುಲಿಗೆ ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರವನ್ನು ಆರಂಭಿಸಿದರು. ವ್ಯಕ್ತಿಯೊಬ್ಬರ ಉತ್ಸಾಹದಿಂದ ಹುಟ್ಟಿದ ಆ ಕೇಂದ್ರವನ್ನು 1942ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. ಉತ್ತರದಲ್ಲಿ 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾಯಿತು. ಮುಂಬಯಿ ರಾಜ್ಯದಲ್ಲಿದ್ದ ಕನ್ನಡಿಗರಿಗೆ ಏಕೀಕರಣಕ್ಕೆ ಆರು ವರ್ಷ ಮೊದಲೇ ತಮ್ಮ ನುಡಿಯ ಧ್ವನಿ ದೊರೆಯಿತು. 1963ರಲ್ಲಿ ನೆರೆಯ ಸಾಂಗಲಿಯಲ್ಲಿ ಮರಾಠಿ ಕೇಂದ್ರ ಬಂದಮೇಲೆ ಕಾಗವಾಡ-ಅಥಣಿ ಭಾಗದ ಕೇಳುಗನಿಗೆ ಎರಡೂ ಭಾಷೆಗಳ ಪ್ರಸಾರ ಸಮೀಪವಾಯಿತು.

ಆಗ ಕೇಳುಗನೂ ಈ ವೆಚ್ಚದ ಪಾಲುದಾರನಾಗಿದ್ದ. ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಶುಲ್ಕ ರದ್ದಾದಮೇಲೆ ಉಳಿದ ಮುಖ್ಯ ಆಧಾರಗಳು ಸರ್ಕಾರದ ಅನುದಾನ ಮತ್ತು ಜಾಹೀರಾತು. ಜಾಹೀರಾತುದಾರನು ಕೊಳ್ಳುವವರ ಸಂಖ್ಯೆಯನ್ನು ಎಣಿಸುತ್ತಾನೆ. ಇರುಳಿಡೀ ಹಾಡುವ ಚೌಡಿಕೆಯ ಮೇಳಕ್ಕೆ ಅಂಥ ಲೆಕ್ಕದಲ್ಲಿ ಸ್ಥಾನವಿಲ್ಲ. ಪ್ರದೇಶಗಳ ವೈವಿಧ್ಯಮಯ ಸಂಸ್ಕೃತಿ ಹಾಗೂ ಭಾಷೆಗಳಿಗೆ ತಕ್ಕಷ್ಟು ಅವಕಾಶ ನೀಡುವುದು ಪ್ರಸಾರ ಭಾರತಿಯ ಕರ್ತವ್ಯವೆಂದು 1990ರ ಕಾಯ್ದೆ ವಿಧಿಸಿದೆ. ಕರ್ತವ್ಯವನ್ನು ವಿಧಿಸಿದ ಮೇಲೆ ಅದರ ವೆಚ್ಚವನ್ನು ಭರಿಸುವುದೂ ನ್ಯಾಯ.

ಹಣ ಕೊಟ್ಟವರ ಮಾತೇ ಬಾನುಲಿಯ ಮಾತಾಗುವುದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತುರ್ತುಪರಿಸ್ಥಿತಿಯ ಅನುಭವದ ಬಳಿಕ ವರ್ಗೀಸ್ ಸಮಿತಿಯು 1978ರಲ್ಲಿ ಸ್ವಾಯತ್ತ ಸಂಸ್ಥೆಯನ್ನು ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸಾರಿತು. 2023ರ ಜನವರಿಯಲ್ಲಿ ಕೇಂದ್ರ ಸಂಪುಟವು ಪ್ರಸಾರ ಸೌಕರ್ಯಗಳ ಅಭಿವೃದ್ಧಿಗೆ 2,539.61 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದ್ದು ಸ್ವಾಗತಾರ್ಹ. ಆದರೆ ಯಂತ್ರಕ್ಕೆ ದೊರೆತ ಹಣ ತಾನಾಗಿಯೇ ಹಾಡುಗಾರರಿಗೆ ತಲುಪದು.

ಆದ್ದರಿಂದ ಅನುದಾನವು ವರ್ಷವರ್ಷದ ಮರ್ಜಿಗೆ ಒಳಪಡದೆ ಶಾಸನಬದ್ಧವಾಗಿ, ಹಲವು ವರ್ಷಗಳಿಗೆ ನಿಗದಿಯಾಗಬೇಕು. ರಾಜ್ಯ ಸರ್ಕಾರವೂ ಪಾಲು ನೀಡಿ ಈ ಐದು ತಾಲ್ಲೂಕುಗಳಲ್ಲಿ ಕ್ಷೇತ್ರಧ್ವನಿಮುದ್ರಣ ನಡೆಸಬೇಕು. ಕಲಾವಿದರಿಗೆ ಗೌರವಧನವೂ ಹಕ್ಕೂ ಸಿಗಬೇಕು. ಹಳೆಯ ಮುದ್ರಣಗಳನ್ನು ಡಿಜಿಟಲೀಕರಿಸಿ ಒಂದು ಪ್ರತಿಯನ್ನು ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಲ್ಲಿ ಇರಿಸುವುದು ಸೂಕ್ತ. ಹಾಡುವವರು ವೃದ್ಧರಾಗುತ್ತಿದ್ದಾರೆ, ಕಾಂತೀಯ ಸುರುಳಿಗಳು ಸವೆಯುತ್ತವೆ. ಈ ಕಾರ್ಯ ತಡವಾದಷ್ಟೂ ಅಧ್ಯಯನಕ್ಕೆ ಉಳಿಯುವ ಆಕರ ಕಡಿಮೆಯಾಗುತ್ತದೆ.